ಗದ್ದುಗೆ ಬದಲಾದಾಗ ಹುಕುಂ ಏನಾಗುತ್ತದೆ?

1997ರ ಆಗಸ್ಟ್ ತಿಂಗಳಲ್ಲಿ ಬಸವಾಪಟ್ಟಣದ ಜನ ಊರು ಬಿಟ್ಟು ಕದಲದೆಯೇ ಜಿಲ್ಲೆ ಬದಲಿಸಿದರು. ಶಿವಮೊಗ್ಗ ಜಿಲ್ಲೆಯಲ್ಲಿದ್ದ ಚನ್ನಗಿರಿ ಮತ್ತು ಹೊನ್ನಾಳಿ, ಚಿತ್ರದುರ್ಗದಲ್ಲಿದ್ದ ದಾವಣಗೆರೆ, ಹರಿಹರ, ಜಗಳೂರು, ಬಳ್ಳಾರಿಯಲ್ಲಿದ್ದ ಹರಪನಹಳ್ಳಿ ತಾಲ್ಲೂಕುಗಳು ಸೇರಿ ದಾವಣಗೆರೆ ಜಿಲ್ಲೆಯಾಯಿತು. ಅಲ್ಲಿಂದ ಮುಂದೆ ಜಿಲ್ಲಾಧಿಕಾರಿಗೆ ಅರ್ಜಿ ಕೊಡಬೇಕಾದ ರೈತ ಹಿಡಿಯಬೇಕಾದ ಬಸ್ಸೇ ಬೇರೆ. ಭದ್ರಾ ನಾಲೆಯ ನೀರಿನ ಮಾತು ಬಂದಾಗ ಮಾತ್ರ ಅವನು ಹಿಂದಿನಂತೆಯೇ ಶಿವಮೊಗ್ಗದ ಕಡೆ ಮುಖ ಮಾಡಬೇಕಿತ್ತು.

ಈ ಬದಲಾವಣೆಯನ್ನು ಮಾಡಿದವರು ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು. ಆದರೆ ಅವರನ್ನು ಮುಖ್ಯಮಂತ್ರಿ ಮಾಡಿದ್ದು ನೇರವಾಗಿ ಮತದಾರನಲ್ಲ. 1994ರ ಚುನಾವಣೆಯಲ್ಲಿ ಜನತಾದಳ 224ರಲ್ಲಿ 115 ಸ್ಥಾನ ಗೆದ್ದು ದೇವೇಗೌಡರು ಮುಖ್ಯಮಂತ್ರಿಯಾದರು, ಪಟೇಲರು ಉಪಮುಖ್ಯಮಂತ್ರಿ. 1996ರಲ್ಲಿ ದೆಹಲಿಯಲ್ಲಿ ಯಾರಿಗೂ ಬಹುಮತ ಬಾರದೆ, ಸಂಯುಕ್ತರಂಗ ದೇವೇಗೌಡರನ್ನು ಪ್ರಧಾನಿಯಾಗಿ ಆರಿಸಿತು. ಹಾಗೆ ತೆರವಾದ ಕುರ್ಚಿಗೆ ಮೇ 31ರಂದು ಪಟೇಲರು ಬಂದರು. ಪಕ್ಷ ಅದೇ, ಶಾಸಕರು ಅವರೇ, ನಾಯಕ ಮಾತ್ರ ಬೇರೆ. ಒಂದು ವರ್ಷದಲ್ಲಿ ರಾಜ್ಯದ ಜಿಲ್ಲೆಗಳ ಸಂಖ್ಯೆ 20ರಿಂದ 27ಕ್ಕೆ ಏರಿತು. ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳ, ಉಡುಪಿ, ಚಾಮರಾಜನಗರ, ದಾವಣಗೆರೆ ಈ ಏಳು ಜಿಲ್ಲೆಗಳ ಬೇಡಿಕೆ ಹಳೆಯದು. ಹಿಂದಿನವರು ಅದನ್ನು ಕೇಳಿಸಿಕೊಂಡಿದ್ದರು, ಪಟೇಲರು ರುಜು ಹಾಕಿದರು. ದೇಶದಲ್ಲೇ ಮೊದಲು ರಾಜ್ಯವೊಂದು ಮಾಹಿತಿ ತಂತ್ರಜ್ಞಾನ ನೀತಿಯನ್ನು ಪ್ರಕಟಿಸಿದ್ದೂ ಅದೇ 1997ರಲ್ಲಿ. ನಾಯಕ ಬದಲಾದರೆ ಆಡಳಿತದ ಆದ್ಯತೆಗಳೂ ಬದಲಾಗುತ್ತವೆ ಎನ್ನಲು ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ದೊರೆ ಬದಲಾಗುವುದು ಬಸವಾಪಟ್ಟಣಕ್ಕೆ ಹೊಸ ಅನುಭವವಲ್ಲ. ಒಂದು ಕಾಲಕ್ಕೆ ಅದು ಪಾಳೆಯಗಾರ ನಾಯಕರ ರಾಜಧಾನಿ. ಹದಿನೇಳನೆಯ ಶತಮಾನದಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾ ಖಾನನ ದಂಡು ಇಲ್ಲಿಗೆ ಬಂತು, ನಾಯಕರ ವಂಶ ಮುಂದೆ ತರೀಕೆರೆಯಲ್ಲಿ ನೆಲೆ ಕಂಡಿತು. ಮೊಘಲರು 1687ರಲ್ಲಿ ಸಿರಾ ಸುಬಾ ರಚಿಸಿದಾಗ ಅದರ ಏಳು ಪರಗಣಗಳಲ್ಲಿ ಬಸವಾಪಟ್ಟಣವೂ ಒಂದು. ಆ ದೊರೆಗಳೆಲ್ಲ ಹೋದರು. ಉಳಿದದ್ದು ಜಿಲ್ಲೆ, ತಾಲ್ಲೂಕು, ದಾಖಲೆ, ಸರ್ಕಾರ ಎಂಬ ಮಾತುಗಳು. ಅರಬ್ಬಿ, ಫಾರಸಿಯ ಕಡೆಯಿಂದ ಬಂದ ಈ ಮಾತುಗಳನ್ನು ಇಂದು ಪರಭಾಷೆಯವು ಎಂದು ಯಾರೂ ಗುರುತಿಸುವುದೂ ಇಲ್ಲ. ಅಂದರೆ ಗದ್ದುಗೆಯ ಮೇಲೆ ಕುಳಿತವರಿಗಿಂತ ಅವರ ದಫ್ತರದಲ್ಲಿ ಬರೆದಿಟ್ಟದ್ದಕ್ಕೆ ಆಯುಷ್ಯ ಹೆಚ್ಚು. ಅಂದಿನ ಪ್ರಜೆಗೆ ದೊರೆಯನ್ನು ಕೇಳುವ ಹಕ್ಕಿರಲಿಲ್ಲ. ಇಂದಿನ ಮತದಾರನಿಗೆ ಆ ಹಕ್ಕಿದೆ, ಆದರೆ ಐದು ವರ್ಷಕ್ಕೊಮ್ಮೆ ಮಾತ್ರ. ನಡುವೆ ನಾಯಕ ಬದಲಾದರೆ ಅವನು ಮುಂದಿನ ಚುನಾವಣೆಯವರೆಗೆ ಕಾಯಬೇಕು.

ಕಾದ ಮತದಾರ ಹೇಗೆ ಉತ್ತರಿಸುತ್ತಾನೆ ಎಂಬುದಕ್ಕೆ ನಮ್ಮ ರಾಜ್ಯದ ಚರಿತ್ರೆಯಲ್ಲಿ ಒಂದೇ ಸೂತ್ರ ಸಿಗುವುದಿಲ್ಲ. 1979ರಲ್ಲಿ ದೇವರಾಜ ಅರಸರು ಇಂದಿರಾ ಗಾಂಧಿಯವರಿಂದ ಬೇರೆಯಾದಾಗ ಬಹುಪಾಲು ಶಾಸಕರು ಅರಸರ ಜೊತೆಗಿದ್ದರು. ಗೇಣಿದಾರನಿಗೆ ಭೂಮಿ ಕೊಟ್ಟ, ಹಿಂದುಳಿದವರಿಗೆ ಮೀಸಲಾತಿ ಕೊಟ್ಟ ನಾಯಕ ಅವರು. ಆದರೂ 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28ರಲ್ಲಿ 27 ಸ್ಥಾನ ಇಂದಿರಾ ಕಾಂಗ್ರೆಸ್ಸಿಗೆ ಹೋದವು. ಜನ ಅರಸರನ್ನು ಕೈಬಿಟ್ಟರು, ಅರಸರು ಕೊಟ್ಟ ಭೂಮಿಯನ್ನು ಕೈಬಿಡಲಿಲ್ಲ. ಭೂಸುಧಾರಣೆಯನ್ನು ಹಿಂದಕ್ಕೆ ತಿರುಗಿಸುವ ಧೈರ್ಯ ಅವರ ಕುರ್ಚಿಗೆ ಬಂದ ಗುಂಡೂರಾಯರಿಗೂ ಇರಲಿಲ್ಲ.

1990ರಲ್ಲಿ ನಡೆದದ್ದು ಬೇರೆ. ಹಿಂದಿನ ವರ್ಷವಷ್ಟೇ 178 ಸ್ಥಾನಗಳ ಗೆಲುವು ತಂದಿದ್ದ ವೀರೇಂದ್ರ ಪಾಟೀಲರು ಕಾಯಿಲೆ ಬಿದ್ದಿದ್ದರು. ಅಕ್ಟೋಬರ್‌ನಲ್ಲಿ ದಾವಣಗೆರೆ, ಚನ್ನಪಟ್ಟಣ, ರಾಮನಗರಗಳಲ್ಲಿ ಕೋಮುಗಲಭೆ ನಡೆಯಿತು. ರಾಜೀವ್ ಗಾಂಧಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲೇ ನಾಯಕತ್ವ ಬದಲಾವಣೆಯನ್ನು ಘೋಷಿಸಿ ಹೊರಟರು. ಗಲಭೆಯಲ್ಲಿ ಮನೆ ಸುಟ್ಟುಕೊಂಡವರಿಗೆ ಬೇಕಿದ್ದುದು ನ್ಯಾಯ ಮತ್ತು ರಕ್ಷಣೆ. ಸಿಕ್ಕಿದ್ದು ಹೊಸ ಮುಖ್ಯಮಂತ್ರಿ. ಪಾಟೀಲರನ್ನು ಇಳಿಸಿದ ರೀತಿಯಿಂದ ನೊಂದ ಲಿಂಗಾಯತ ಮತದಾರರು ಕಾಂಗ್ರೆಸ್ಸಿನಿಂದ ದೂರವಾದರು. ಬಂಗಾರಪ್ಪನವರ ಕಾಲದ ಆಶ್ರಯ ಮನೆಗಳು ಬಡವರಿಗೆ ತಲುಪಿದವು ನಿಜ. ಆದರೆ ಎರಡೇ ವರ್ಷಕ್ಕೆ ಅವರನ್ನೂ ಇಳಿಸಿ ವೀರಪ್ಪ ಮೊಯಿಲಿಯವರನ್ನು ತರಲಾಯಿತು. ಒಂದು ಅವಧಿಗೆ ಮೂವರು ಮುಖ್ಯಮಂತ್ರಿಗಳು. 1994ರಲ್ಲಿ ಕಾಂಗ್ರೆಸ್ 34 ಸ್ಥಾನಕ್ಕೆ ಕುಸಿಯಿತು, ಬೇರೆ ಪಕ್ಷ ಕಟ್ಟಿದ ಬಂಗಾರಪ್ಪನವರು 10 ಸ್ಥಾನ ಕಿತ್ತುಕೊಂಡರು.

ಈಗ ಮತ್ತೆ ಪಟೇಲರ ಕಡೆ ಬರೋಣ. ಅವರು ಲೋಹಿಯಾ ಹಾದಿಯ ಸಮಾಜವಾದಿ. 1967ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲಿ ಮಾತನಾಡಿದವರು. ಅವರ ಸರ್ಕಾರಕ್ಕೆ ಮೊದಲಿನಿಂದಲೂ ಮನೆಯ ಜಗಳವೇ ಕಾಟ. 1996ರಲ್ಲಿ ರಾಮಕೃಷ್ಣ ಹೆಗಡೆಯವರನ್ನು ಪಕ್ಷದಿಂದ ಹೊರಹಾಕಲಾಯಿತು, ಅವರು ಲೋಕಶಕ್ತಿ ಕಟ್ಟಿ ಬಿಜೆಪಿಯ ಜೊತೆ ಹೋದರು. 1998ರ ಲೋಕಸಭಾ ಚುನಾವಣೆಯಲ್ಲಿ ಆ ಕೂಟ 16 ಸ್ಥಾನ ಗೆದ್ದರೆ ಆಳುವ ಜನತಾದಳಕ್ಕೆ ದಕ್ಕಿದ್ದು 3. 1999ರಲ್ಲಿ ಪಟೇಲರು ವಿಧಾನಸಭೆ ವಿಸರ್ಜಿಸಿದರು, ದಳ ಒಡೆಯಿತು. ದೇವೇಗೌಡರು ಜಾತ್ಯತೀತ ದಳವಾದರು. ಪಟೇಲರು ಸಂಯುಕ್ತ ದಳದಲ್ಲಿ ನಿಂತು ಬಿಜೆಪಿಯ ಜೊತೆ ಮೈತ್ರಿ ಮಾಡಿಕೊಂಡರು.

ಮತದಾರನಿಗೆ ನಾಯಕತ್ವದ ಬದಲಾವಣೆ ನಿಜವಾಗಿ ತಟ್ಟಿದ್ದು ಇಲ್ಲಿ. 1994ರಲ್ಲಿ ಬಿಜೆಪಿ ಬೇಡವೆಂದು ದಳದ ಗುರುತಿಗೆ ಮುದ್ರೆ ಒತ್ತಿದ ಮುಸ್ಲಿಮನೂ ಹಳೆಯ ಸಮಾಜವಾದಿಯೂ ಐದು ವರ್ಷಗಳಲ್ಲಿ ತಮ್ಮ ಮತವನ್ನು ಬಿಜೆಪಿಯ ಅಂಗಳದಲ್ಲಿ ಕಂಡರು. ಫಲಿತಾಂಶದಲ್ಲಿ ಕಾಂಗ್ರೆಸ್ಸಿಗೆ 132, ಬಿಜೆಪಿಗೆ 44, ಸಂಯುಕ್ತ ದಳಕ್ಕೆ 18, ಜಾತ್ಯತೀತ ದಳಕ್ಕೆ 10. ಚನ್ನಗಿರಿಯಲ್ಲಿ ಸ್ವತಃ ಪಟೇಲರೇ ಸೋತರು. ತಾಲ್ಲೂಕಿಗೆ ಹೊಸ ಜಿಲ್ಲೆ ಕೊಟ್ಟ ಮುಖ್ಯಮಂತ್ರಿಯನ್ನು ತಾಲ್ಲೂಕೇ ಸೋಲಿಸಿತು. ಇದನ್ನು ಕೃತಘ್ನತೆ ಎಂದವರಿದ್ದಾರೆ. ನಮಗೆ ಹಾಗನ್ನಿಸುವುದಿಲ್ಲ. ಜಿಲ್ಲೆ ಸಿಕ್ಕಿತು, ಅದಕ್ಕೆ ಸಲಾಂ. ಆದರೆ ಕೊಟ್ಟ ಮತ ಎಲ್ಲಿಗೆ ಹೋಯಿತು ಎಂದು ಕೇಳುವುದು ಬೇರೆಯೇ ಹಕ್ಕು. 2000ದ ಡಿಸೆಂಬರ್‌ನಲ್ಲಿ ಪಟೇಲರು ತೀರಿಕೊಂಡರು. ದಾವಣಗೆರೆ ಜಿಲ್ಲೆ ಉಳಿಯಿತು. ಮುಂದೆ ಹರಪನಹಳ್ಳಿ ಬಳ್ಳಾರಿಗೆ ಮರಳಿತು, ನ್ಯಾಮತಿ ಹೊಸ ತಾಲ್ಲೂಕಾಯಿತು, ಆದರೆ ಜಿಲ್ಲೆಯನ್ನೇ ರದ್ದು ಮಾಡುವ ಮಾತು ಯಾರೂ ಎತ್ತಲಿಲ್ಲ.

ಹಾಗಾದರೆ ಬರೆದಿಟ್ಟ ಹುಕುಂ ಎಂದಿಗೂ ಭದ್ರವೇ? ಅದೂ ಅಲ್ಲ. 1994ರಲ್ಲಿ ಮೊಯಿಲಿ ಸರ್ಕಾರ ಮುಸ್ಲಿಮರಿಗೆ ಪ್ರತ್ಯೇಕ ಮೀಸಲಾತಿಯ ಹೆಜ್ಜೆ ಇಟ್ಟಿತು. 1995ರ ಫೆಬ್ರವರಿಯಲ್ಲಿ ದೇವೇಗೌಡ ಸರ್ಕಾರ ಅದನ್ನು 2ಬಿ ಪ್ರವರ್ಗದಲ್ಲಿ ಶೇಕಡ 4 ಎಂದು ಜಾರಿಗೆ ತಂದಿತು. ಒಂದು ಪಕ್ಷ ಬಿತ್ತಿದ್ದನ್ನು ಇನ್ನೊಂದು ಪಕ್ಷ ನೀರೆರೆದು ಬೆಳೆಸಿದ ಅಪರೂಪದ ಪ್ರಸಂಗ ಅದು. ಪಟೇಲರಿಂದ ಸಿದ್ದರಾಮಯ್ಯನವರವರೆಗೆ ಎಂಟು ಮುಖ್ಯಮಂತ್ರಿಗಳು ಬಂದರು, ಅವರಲ್ಲಿ ಮೂವರು ಬಿಜೆಪಿಯವರು, ಯಾರೂ ಅದನ್ನು ಮುಟ್ಟಲಿಲ್ಲ. 2021ರ ಜುಲೈನಲ್ಲಿ ಯಡಿಯೂರಪ್ಪನವರು ಕಣ್ಣೀರಿಡುತ್ತಾ ಇಳಿದು ಬಸವರಾಜ ಬೊಮ್ಮಾಯಿಯವರು ಬಂದರು. 2023ರ ಮಾರ್ಚ್‌ನಲ್ಲಿ, ಚುನಾವಣೆ ಹೊಸ್ತಿಲಲ್ಲಿದ್ದಾಗ, ಅದೇ ಪಕ್ಷದ ಹೊಸ ನಾಯಕನ ಸರ್ಕಾರ ಆ ಶೇಕಡ 4ನ್ನು ಕಿತ್ತು ಒಕ್ಕಲಿಗರಿಗೂ ಲಿಂಗಾಯತರಿಗೂ ಎರಡೆರಡರಂತೆ ಹಂಚಿತು. ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋದಾಗ, ಸದ್ಯಕ್ಕೆ ಜಾರಿ ಮಾಡುವುದಿಲ್ಲವೆಂದು ಸರ್ಕಾರವೇ ಹೇಳಬೇಕಾಯಿತು. ಮೇ ತಿಂಗಳ ಚುನಾವಣೆಯಲ್ಲಿ ಬಿಜೆಪಿ 66ಕ್ಕೆ ಇಳಿಯಿತು. ಸೋಲಿಗೆ ಕಾರಣ ಹಲವು. ಆದರೆ ಒಬ್ಬರ ತಟ್ಟೆಯಿಂದ ತೆಗೆದು ಕೊಟ್ಟ ತುತ್ತು ಪಡೆದವರ ಮತವನ್ನೂ ಉಳಿಸಿಕೊಡಲಿಲ್ಲ.

ಸರ್ಕಾರದ ಬಹುಮತ ಸದನದಲ್ಲೇ ಸಾಬೀತಾಗಬೇಕು ಎಂದು 1994ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಎಸ್.ಆರ್. ಬೊಮ್ಮಾಯಿಯವರ ಹೆಸರಿನ ಆ ತೀರ್ಪು ಚುನಾಯಿತ ಸರ್ಕಾರವನ್ನು ರಾಜ್ಯಪಾಲರ ಅವಸರದಿಂದ ಕಾಪಾಡುತ್ತದೆ. ಪಕ್ಷವೇ ತನ್ನೊಳಗೆ ದಾರಿ ಬದಲಿಸಿದರೆ ಮತದಾರನನ್ನು ಕಾಪಾಡುವ ತೀರ್ಪು ಯಾವುದೂ ಇಲ್ಲ. ಆ ಕೆಲಸ ಮತದಾರನದೇ.

ಆದ್ದರಿಂದ ನಾಯಕ ಬದಲಾದಾಗ ಅವನ ಜಾತಿ ಯಾವುದು, ಯಾರ ಬಣ ಎಂದು ಲೆಕ್ಕ ಹಾಕುತ್ತಾ ಕೂರುವುದರಿಂದ ನಮಗೆ ಹೆಚ್ಚು ಲಾಭವಿಲ್ಲ. ಹಿಂದಿನವರು ಹೊರಡಿಸಿದ ಆದೇಶಗಳಲ್ಲಿ ಯಾವುದು ಉಳಿಯಿತು, ಯಾವುದು ಕಪಾಟು ಸೇರಿತು, ಯಾರ ಪಾಲಿನದು ಯಾರಿಗೆ ಹೋಯಿತು ಎಂದು ವಿಚಾರಿಸುವುದು ಒಳ್ಳೆಯದು. ಭಾಷಣದ ಆಶ್ವಾಸನೆ ನಾಯಕನ ಜೊತೆಗೇ ಹೊರಟುಹೋಗುತ್ತದೆ. ಆದೇಶವಾದದ್ದನ್ನು ಉಳಿಸಿಕೊಳ್ಳಲು, ತಪ್ಪಿದರೆ ಕೋರ್ಟಿನ ಬಾಗಿಲು ತಟ್ಟಲು ದಾರಿಯಿದೆ. ಕೈಯಲ್ಲಿ ಕಾಗದವಿರಬೇಕು, ಅದರಲ್ಲಿ ಏನು ಬರೆದಿದೆ ಎಂಬುದು ನಮ್ಮ ಮಕ್ಕಳಿಗೂ ಗೊತ್ತಿರಬೇಕು.