ಹೆಸರು ಅಳಿಸಿದ ಕಾಲದ ಕರ್ತೃತ್ವ: ಚಿತ್ರಕಥೆಗಾರ ಮೈಕೇಲ್ ವಿಲ್ಸನ್

ಚಲನಚಿತ್ರವೊಂದನ್ನು ಬರೆದವರು ಯಾರೆಂದು ತಿಳಿಯಲು ಸಂಶೋಧಕರು ಮೊದಲು ನೋಡುವುದು ಟೈಟಲ್ ಕಾರ್ಡನ್ನು. 1950ರ ದಶಕದ ಹಾಲಿವುಡ್ ಮಟ್ಟಿಗೆ ಆ ಆಧಾರ ನೆಚ್ಚತಕ್ಕದ್ದಲ್ಲ. ಮೈಕೇಲ್ ವಿಲ್ಸನ್ (1914–1978) ಅವರ ವೃತ್ತಿಜೀವನ ಇದಕ್ಕೆ ಬಲವಾದ ನಿದರ್ಶನ. ಹೆಸರು ಮರೆಯಾದ ವರ್ಷಗಳಲ್ಲೇ ಅವರ ಬರವಣಿಗೆ ಪಕ್ವವಾಯಿತೆಂಬುದು ಈ ಲೇಖನದ ವಾದ.

ಒಕ್ಲಹೋಮಾದಲ್ಲಿ ಹುಟ್ಟಿ ಬರ್ಕ್ಲಿಯಲ್ಲಿ ಓದಿದ ವಿಲ್ಸನ್, ಎರಡನೆಯ ಮಹಾಯುದ್ಧದಲ್ಲಿ ಮರೀನ್ ಪಡೆಯಲ್ಲಿದ್ದರು. 1951ರಲ್ಲಿ ಅಮೆರಿಕ-ವಿರೋಧಿ ಚಟುವಟಿಕೆಗಳ ವಿಚಾರಣಾ ಸಮಿತಿಯ ಪ್ರಶ್ನೆಗಳಿಗೆ ಉತ್ತರಿಸಲು ನಿರಾಕರಿಸಿ, ಕೆಲಸವನ್ನೂ ತೆರೆಯ ಮೇಲಿನ ಹೆಸರನ್ನೂ ಕಸಿಯುವ ಸ್ಟುಡಿಯೋಗಳ ಕಪ್ಪುಪಟ್ಟಿಗೆ ಸೇರಿದರು. ಮರುವರ್ಷ ‘ಎ ಪ್ಲೇಸ್ ಇನ್ ದ ಸನ್’ ಚಿತ್ರಕಥೆಗೆ ಹ್ಯಾರಿ ಬ್ರೌನ್ ಜೊತೆ ಆಸ್ಕರ್ ಬಂದರೂ ಸ್ಟುಡಿಯೋಗಳ ಬಾಗಿಲು ತೆರೆಯಲಿಲ್ಲ.

ಅವರನ್ನು ಅರಿಯಲು ‘ಸಾಲ್ಟ್ ಆಫ್ ದ ಅರ್ತ್’ (1954) ಚಿತ್ರವೇ ಕೀಲಿಕೈ. ನ್ಯೂ ಮೆಕ್ಸಿಕೋದ ಸತುವಿನ ಗಣಿಯೊಂದರಲ್ಲಿ 1950ರಿಂದ 1952ರವರೆಗೆ ಮುಷ್ಕರ ನಡೆದಿತ್ತು. ಕಾರ್ಮಿಕರಲ್ಲಿ ಹೆಚ್ಚಿನವರು ಮೆಕ್ಸಿಕನ್ ಮೂಲದವರು. ಅವರು ಗಣಿಯ ಮುಂದೆ ಧರಣಿ ಕೂರದಂತೆ ನ್ಯಾಯಾಲಯ ತಡೆದಾಗ ಮನೆಯ ಹೆಂಗಸರು ಆ ಜಾಗದಲ್ಲಿ ನಿಂತರು. ವಿಲ್ಸನ್ ಅಲ್ಲಿಗೆ ಹೋಗಿ ಆ ಮುಷ್ಕರವನ್ನೇ ಆಧರಿಸಿ ಚಿತ್ರಕಥೆ ಬರೆದರು. ಬರೆದದ್ದನ್ನು ಆ ಕುಟುಂಬಗಳ ಮುಂದೆಯೇ ಓದಿದರು. ನಾಯಕ ಕೊನೆಯ ಸಂಬಳವನ್ನು ವಿಸ್ಕಿಗೆ ಸುರಿಯುವ, ಪರಸ್ತ್ರೀಯ ಸಂಗ ಮಾಡುವ ಪ್ರಸಂಗಗಳನ್ನು ಕೇಳುಗರು ಒಪ್ಪಲಿಲ್ಲ. ವಿಲ್ಸನ್ ಅವನ್ನು ತೆಗೆದುಹಾಕಿದರು. ಬರಹಗಾರನ ಅಹಂಕಾರ ಇಲ್ಲಿ ಸಮುದಾಯದ ವಿವೇಕಕ್ಕೆ ತಲೆಬಾಗಿದೆ, ಕೃತಿ ಅದರಿಂದ ಬೆಳೆದಿದೆ. ಗಂಡ ರಾಮೋನ್ ತನ್ನ ಹೆಂಡತಿ ಎಸ್ಪೆರಾನ್ಸಾಳನ್ನು ಸರಿಸಮಾನಳೆಂದು ಒಪ್ಪಬೇಕಾಗಿ ಬರುವ ನೋವಿನ ದೃಶ್ಯಗಳು ಆ ಕಾಲದ ಅಮೆರಿಕನ್ ಸಿನಿಮಾದಲ್ಲಿ ಅಪೂರ್ವ. ಚಿತ್ರೀಕರಣ ಮುಗಿಯುವ ಮೊದಲೇ ನಾಯಕಿ ರೊಸೌರಾ ರೆವುಯೆಲ್ತಾಸ್ ಅವರನ್ನು ಬಂಧಿಸಿದರು. ಮುಗಿದ ಚಿತ್ರಕ್ಕೆ ಸಿಕ್ಕ ಚಿತ್ರಮಂದಿರಗಳು ಬೆರಳೆಣಿಕೆಯಷ್ಟು.

ಗಣಿಯಲ್ಲಿ ಸಮಾನತೆ ಬಯಸುವ ರಾಮೋನ್‌ಗೆ ಮನೆಯಲ್ಲಿ ಅದೇ ಸವಾಲಾಗುತ್ತದೆ. ತಾನು ನಂಬಿದ ನಿಷ್ಠೆಯೇ ಮನುಷ್ಯನನ್ನು ಪರೀಕ್ಷೆಗೊಡ್ಡುವ ಈ ವಸ್ತು ವಿಲ್ಸನ್ ಅವರ ಇತರ ಚಿತ್ರಗಳಲ್ಲೂ ಮರಳುತ್ತದೆ. ‘ಫ್ರೆಂಡ್ಲಿ ಪರ್ಸ್ಯುಯೇಶನ್’ (1956) ಚಿತ್ರದ ಕ್ವೇಕರ್ ಕುಟುಂಬದ ಅಹಿಂಸೆಯನ್ನು ಅಂತರ್ಯುದ್ಧ ಒರೆಗೆ ಹಚ್ಚುತ್ತದೆ. ಚಿತ್ರಕಥೆ ಬರೆದವರ ಹೆಸರೇ ಇಲ್ಲದೆ ಅದು ತೆರೆಕಂಡಿತು. ‘ದ ಬ್ರಿಜ್ ಆನ್ ದ ರಿವರ್ ಕ್ವಾಯ್’ (1957) ಚಿತ್ರದ ಕರ್ನಲ್ ನಿಕಲ್ಸನ್, ಶಿಸ್ತಿನ ಹೆಮ್ಮೆಯಿಂದಲೇ ಶತ್ರುವಿಗೆ ಸೇತುವೆ ಕಟ್ಟಿಕೊಡುತ್ತಾನೆ. ಅದರ ಆಸ್ಕರ್ ಸಂದದ್ದು ಮೂಲ ಕಾದಂಬರಿಕಾರ, ಫ್ರೆಂಚ್‌ನಲ್ಲಿ ಬರೆಯುತ್ತಿದ್ದ ಪಿಯೇರ್ ಬೂಲ್ ಅವರಿಗೆ. ಚಿತ್ರಕಥೆ ಬರೆದಿದ್ದವರು ಕಾರ್ಲ್ ಫೋರ್‌ಮನ್ ಮತ್ತು ವಿಲ್ಸನ್. ವಿಲ್ಸನ್ ಅವರೂ ಬರೆದಿದ್ದ ‘ಲಾರೆನ್ಸ್ ಆಫ್ ಅರೇಬಿಯಾ’ (1962) ತೆರೆಗೆ ಬಂದದ್ದು ರಾಬರ್ಟ್ ಬೋಲ್ಟ್ ಒಬ್ಬರ ಹೆಸರಿನಲ್ಲಿ.

ಕ್ವಾಯ್ ಚಿತ್ರಕ್ಕೆ ಸಲ್ಲಬೇಕಿದ್ದ ಆಸ್ಕರ್ ಅನ್ನು ಅಕಾಡೆಮಿ ಘೋಷಿಸಿದ್ದು 1984ರಲ್ಲಿ, ವಿಲ್ಸನ್ ತೀರಿಕೊಂಡು ಆರು ವರ್ಷಗಳಾದ ಮೇಲೆ. ಲಾರೆನ್ಸ್ ಚಿತ್ರದಲ್ಲಿ ಅವರಿಗೂ ಪಾಲಿದೆಯೆಂದು ಅಮೆರಿಕದ ಲೇಖಕರ ಸಂಘ ಒಪ್ಪಿದ್ದು 1995ರಲ್ಲಿ. ಆ ಕಾಲದ ಟೈಟಲ್ ಕಾರ್ಡುಗಳು ಸ್ಟುಡಿಯೋಗಳ ಭಯದ ದಾಖಲೆಗಳು. ಕರ್ತೃತ್ವಕ್ಕೆ ಪ್ರಮಾಣವಾಗಬೇಕಾದದ್ದು ಕರಡುಗಳೇ.