ಕೊರಿಯಾದಲ್ಲಿ ವ್ಯಾಸಂಗ: ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯಿಂದ ಹೊರಡುವ ವಿದ್ಯಾರ್ಥಿ

ದಕ್ಷಿಣ ಕೊರಿಯಾದ ವಿಶ್ವವಿದ್ಯಾಲಯಗಳಲ್ಲಿ ಪದವಿ, ಸ್ನಾತಕೋತ್ತರ ಪದವಿ ಅಥವಾ ಪಿಎಚ್‌.ಡಿ.ಗಾಗಿ ಓದುವವರು ಮತ್ತು ಬರೀ ಭಾಷೆ ಕಲಿಯುವವರು ಸೇರಿ ವಿದೇಶಿ ವಿದ್ಯಾರ್ಥಿಗಳ ಸಂಖ್ಯೆ 2024ರಲ್ಲಿ 2 ಲಕ್ಷ ದಾಟಿತು. 2027ರ ಹೊತ್ತಿಗೆ ಅದನ್ನು 3 ಲಕ್ಷಕ್ಕೆ ಮುಟ್ಟಿಸುವ ಗುರಿಯನ್ನು ಅಲ್ಲಿನ ಶಿಕ್ಷಣ ಸಚಿವಾಲಯ 2023ರ ಆಗಸ್ಟ್‌ನಲ್ಲೇ ಪ್ರಕಟಿಸಿತ್ತು. ಆ ವರ್ಷ ಕೊರಿಯಾದ ಫಲವತ್ತತೆಯ ದರ 0.72ಕ್ಕೆ ಇಳಿದಿತ್ತು. ಮಕ್ಕಳಿಲ್ಲದೆ ತರಗತಿಗಳು ಬರಿದಾಗುತ್ತಿವೆ, ಹಾಗಾಗಿ ಹೊರಗಿನವರಿಗೆ ಬಾಗಿಲು ತೆರೆದಿದೆ. ಅಲ್ಲಿರುವ ವಿದೇಶಿ ವಿದ್ಯಾರ್ಥಿಗಳಲ್ಲಿ ಚೀನಾ, ವಿಯೆಟ್ನಾಂನವರೇ ಹೆಚ್ಚು. ಭಾರತೀಯರು ಕಡಿಮೆ, ಅವರಲ್ಲೂ ಬಹುಪಾಲು ಜನ ವಿಜ್ಞಾನ, ತಂತ್ರಜ್ಞಾನದ ಪ್ರಯೋಗಾಲಯಗಳಲ್ಲಿ ಸಂಶೋಧನೆ ಮಾಡುವವರು.

ರಾಯಚೂರು ಜಿಲ್ಲೆಯ ಈ ಮೂರು ತಾಲ್ಲೂಕುಗಳಿಗೂ ಕೊರಿಯಾಕ್ಕೂ ನಂಟು ಕಾಣುವುದಾದರೆ ಅದು ಮಸ್ಕಿಯ ಬಂಡೆಯ ಮೇಲಿದೆ. ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ 1915ರಲ್ಲಿ ಅಲ್ಲಿ ಕಂಡ ಕಿರು ಶಾಸನದಲ್ಲಿ ‘ದೇವಾನಾಂಪ್ರಿಯ’ನ ಜೊತೆಗೆ ಅಶೋಕ ಎಂಬ ಹೆಸರೂ ಇತ್ತು. ಶಾಸನಗಳ ದೇವಾನಾಂಪ್ರಿಯ ಯಾರು ಎಂಬ ಬಹುಕಾಲದ ಚರ್ಚೆ ಅಲ್ಲಿಗೆ ಇತ್ಯರ್ಥವಾಯಿತು. ಅಶೋಕ ಹಬ್ಬಿಸಿದ ಬೌದ್ಧಧರ್ಮ ಕೊರಿಯಾದ ಗೋಗುರ್ಯೋ ರಾಜ್ಯವನ್ನು ಕ್ರಿ.ಶ. 372ರಲ್ಲಿ ಮುಟ್ಟಿತು. ಮುಂದೆ 8ನೆಯ ಶತಮಾನದಲ್ಲಿ ಸಿಲ್ಲಾ ರಾಜ್ಯದ ಹ್ಯೇಚೋ ಎಂಬ ಯುವ ಭಿಕ್ಷು ಕಲಿಯಲೆಂದು ಸಮುದ್ರ ದಾಟಿ ಭಾರತಕ್ಕೆ ಬಂದ. ಮಧ್ಯದೇಶದಿಂದ ದಕ್ಷಿಣಕ್ಕೆ ಮೂರು ತಿಂಗಳ ದಾರಿ ನಡೆದು, ಎಂಟುನೂರು ಆನೆಗಳಿದ್ದ ಅರಸನ ನಾಡನ್ನು ಕಂಡ. ಆ ನಾಡು ಬಾದಾಮಿ ಚಾಲುಕ್ಯರದೆಂದು ವಿದ್ವಾಂಸರು ಗುರುತಿಸುತ್ತಾರೆ. ರಾಯಚೂರಿನ ದೋಆಬ್ ಆಗ ಅವರ ಆಳ್ವಿಕೆಯಲ್ಲೇ ಇತ್ತು. 727ರಲ್ಲಿ ಮಧ್ಯ ಏಷ್ಯಾದ ಮೂಲಕ ಚೀನಾದ ಗಡಿಗೆ ಮರಳಿದ ಹ್ಯೇಚೋ ಬರೆದಿಟ್ಟ ಪ್ರವಾಸ ಕಥನ 1908ರಲ್ಲಿ ದುನ್‌ಹುವಾಂಗ್ ಗುಹೆಯಲ್ಲಿ ಪಾಲ್ ಪೆಲಿಯೊಗೆ ಸಿಕ್ಕಿತು; ಈಗ ಪ್ಯಾರಿಸ್ಸಿನಲ್ಲಿದೆ. ಕೊರಿಯಾದ ವಿದ್ಯಾರ್ಥಿ ನಮ್ಮ ಕಡೆ ಬಂದು ಹದಿಮೂರು ಶತಮಾನವಾಯಿತು. ಈಗ ದಾರಿ ತಿರುಗಿದೆ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮೊದಲ ಅಂಜಿಕೆ ಭಾಷೆಯದು. ಆದರೆ ಇಂಗ್ಲಿಷ್‌ಗೆ ಹೆದರುವ ಮಗುವಿಗೆ ಕೊರಿಯನ್ ಹತ್ತಿರದ ಭಾಷೆ ಎಂಬುದನ್ನು ನಮ್ಮ ಕಾಲೇಜುಗಳಲ್ಲಿ ಯಾರಾದರೂ ಹೇಳಬೇಕು. ‘ನಾನುನ್ ಪಾಬುಲ್ ಮೊಗೊಯೊ’ ಎಂದರೆ ‘ನಾನು ಅನ್ನವನ್ನು ತಿನ್ನುತ್ತೇನೆ’. ಕರ್ತೃ, ಕರ್ಮ, ಕೊನೆಗೆ ಕ್ರಿಯಾಪದ, ಕನ್ನಡದ್ದೇ ಸಾಲು. ‘ಪಾಪ್’ ಅಂದರೆ ಅನ್ನ. ಅದಕ್ಕೆ ಅಂಟಿದ ‘ಉಲ್’ ನಮ್ಮ ‘ಅನ್ನು’ ಮಾಡುವ ಕೆಲಸವನ್ನೇ ಮಾಡುತ್ತದೆ. ‘ಹಾಕ್ಯೋಎ ಕಾಯೊ’ ಅಂದರೆ ಶಾಲೆಗೆ ಹೋಗುತ್ತೇನೆ. ‘ಎ’ ನಮ್ಮ ‘ಗೆ’. ವಿಭಕ್ತಿ ಪ್ರತ್ಯಯ ಕಲಿತ ಕನ್ನಡದ ಹುಡುಗನಿಗೆ ಇದು ಹೊಸದಲ್ಲ. ಕೊರಿಯನ್ ವಾಕ್ಯದ ಕೊನೆಗೆ ಮರ್ಯಾದೆಗೆಂದು ಬರುವ ‘ಯೊ’ವನ್ನು ಬೆಂಗಳೂರಿನವರಿಗೆ ವಿವರಿಸಬೇಕಾಗಬಹುದು. ಮಸ್ಕಿಯವರಿಗೆ ಬೇಕಿಲ್ಲ, ಅವರು ದಿನವೂ ‘ಬರ್ರಿ’, ‘ಕೂಡ್ರಿ’, ‘ಹೌದ್ರಿ’ ಎನ್ನುವವರು. ಅಮೆರಿಕದ ಹೋಮರ್ ಹಲ್ಬರ್ಟ್ 1905ರಲ್ಲೇ ಕೊರಿಯನ್ ಮತ್ತು ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬರೆದಿದ್ದ. ಇವು ಒಂದೇ ಕುಲದ ಭಾಷೆಗಳೆಂಬ ಅವನ ವಾದವನ್ನು ಭಾಷಾಶಾಸ್ತ್ರಜ್ಞರು ಇಂದು ಒಪ್ಪುವುದಿಲ್ಲ. ರಚನೆಯ ಹೋಲಿಕೆ ಮಾತ್ರ ಕಣ್ಣಿಗೆ ಕಾಣುವಂಥದ್ದು. ಅರಸ ಸೇಜೋಂಗ್ 1446ರಲ್ಲಿ ಪ್ರಕಟಿಸಿದ ಹಂಗುಲ್ ಲಿಪಿಯಲ್ಲಿ ಸ್ವರ, ವ್ಯಂಜನ ಸೇರಿ ಒಂದು ಅಕ್ಷರದ ಕಟ್ಟಾಗುತ್ತದೆ. ಕಾಗುಣಿತ ಬಲ್ಲವರು ಅದನ್ನು ಕೆಲವೇ ದಿನಗಳಲ್ಲಿ ಓದಬಲ್ಲರು. ಪದಗಳು ಮಾತ್ರ ಕಷ್ಟ, ಬಹುಪಾಲು ಚೀನಾ ಮೂಲದವು.

ಭಾಷೆಯ ಮಟ್ಟ ಅಳೆಯುವುದು ಟೋಪಿಕ್ ಎಂಬ ಪರೀಕ್ಷೆ. 1997ರಲ್ಲಿ ಆರಂಭವಾದ ಅದರಲ್ಲಿ ಆರು ಹಂತಗಳಿವೆ, ಫಲಿತಾಂಶ ಎರಡು ವರ್ಷ ಮಾತ್ರ ಊರ್ಜಿತ. ಕೊರಿಯನ್‌ನಲ್ಲೇ ಪಾಠವಿರುವ ಪದವಿ ತರಗತಿಗಳಿಗೆ ಸಾಮಾನ್ಯವಾಗಿ ಮೂರನೆಯ ಹಂತವಾದರೂ ಬೇಕು. ದೇಜೋನ್‌ನ ಕೈಸ್ಟ್ (ಸ್ಥಾಪನೆ 1971), ಪೋಹಾಂಗ್‌ನ ಪೋಸ್ಟೆಕ್‌ನಂಥ (1986) ವಿಜ್ಞಾನ ಸಂಸ್ಥೆಗಳಲ್ಲಿ ಇಂಗ್ಲಿಷ್‌ನಲ್ಲೇ ಪಾಠ ಹೆಚ್ಚು. ಆದರೆ ಕ್ಯಾಂಪಸ್ಸಿನ ಆಚೆ ಅಂಗಡಿ, ಆಸ್ಪತ್ರೆ, ಬಾಡಿಗೆ ಮನೆ ಎಲ್ಲಕ್ಕೂ ಕೊರಿಯನ್ ಇಲ್ಲದೆ ನಡೆಯುವುದಿಲ್ಲ.

ಬಡ ಮನೆಯವರಿಗೆ ಮುಖ್ಯ ದಾರಿ ಗ್ಲೋಬಲ್ ಕೊರಿಯಾ ಸ್ಕಾಲರ್‌ಶಿಪ್. 1967ರಿಂದ ನಡೆದು ಬಂದಿರುವ ಈ ಸರ್ಕಾರಿ ವೇತನ ವಿಮಾನದ ಖರ್ಚು, ಶುಲ್ಕ, ತಿಂಗಳ ಖರ್ಚು, ಒಂದು ವರ್ಷದ ಭಾಷಾ ತರಬೇತಿ ಎಲ್ಲವನ್ನೂ ಕೊಡುತ್ತದೆ. ಆ ವರ್ಷದ ಕೊನೆಗೆ ಟೋಪಿಕ್ ಮೂರನೆಯ ಹಂತ ಮುಟ್ಟಬೇಕು. ಅಂಕ ಶೇ 80 ಇರಬೇಕು. ಪದವಿಗೆ 25 ವರ್ಷದೊಳಗೆ, ಸ್ನಾತಕೋತ್ತರಕ್ಕೆ 40 ವರ್ಷದೊಳಗೆ ಇರಬೇಕು. ಪದವಿಯ ಅರ್ಜಿ ಸಾಮಾನ್ಯವಾಗಿ ಸೆಪ್ಟೆಂಬರ್ ಸುಮಾರಿಗೆ, ಸ್ನಾತಕೋತ್ತರದ್ದು ಫೆಬ್ರುವರಿ–ಮಾರ್ಚ್‌ಗೆ ಕರೆಯುತ್ತಾರೆ. ರಾಯಭಾರ ಕಚೇರಿಯ ಮೂಲಕ ಅಥವಾ ನೇರವಾಗಿ ವಿಶ್ವವಿದ್ಯಾಲಯದ ಮೂಲಕ, ಎರಡರಲ್ಲಿ ಒಂದೇ ದಾರಿ ಆರಿಸಬೇಕು.

ಲಿಂಗಸುಗೂರು ಪರಿಶಿಷ್ಟ ಜಾತಿಗೆ, ಮಸ್ಕಿ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು. ಆ ಸಮುದಾಯಗಳ ಮಕ್ಕಳಿಗೆ ರಾಜ್ಯ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆ ಇದೆ. ಪರಿಶಿಷ್ಟ ಜಾತಿಯವರಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವೂ ಇದೆ. ಅದಕ್ಕೆ ಕುಟುಂಬದ ವಾರ್ಷಿಕ ಆದಾಯ ₹8 ಲಕ್ಷ ಮೀರಿರಬಾರದು. ಇವನ್ನು ಲಂಡನ್, ಅಮೆರಿಕಕ್ಕೆಂದೇ ಭಾವಿಸುವವರು ಹೆಚ್ಚು, ಅದು ತಪ್ಪು ತಿಳಿವಳಿಕೆ. 371(ಜೆ) ವಿಧಿಯ ಮೀಸಲಾತಿಗೆ ಮಾತ್ರ ವಿದೇಶದಲ್ಲಿ ಬೆಲೆಯಿಲ್ಲ, ಅಲ್ಲಿ ಅಂಕಪಟ್ಟಿ ಮತ್ತು ಭಾಷೆಯೇ ಮಾತಾಡಬೇಕು.

ಸ್ವಂತ ಖರ್ಚಿನಲ್ಲಿ ಓದುವುದಾದರೆ ಖಾಸಗಿ ವಿಶ್ವವಿದ್ಯಾಲಯದ ಸರಾಸರಿ ಶುಲ್ಕ 2024ರಲ್ಲಿ ವರ್ಷಕ್ಕೆ ಸುಮಾರು 76 ಲಕ್ಷ ವನ್ ಇತ್ತು, ಅಂದರೆ ನಾಲ್ಕೂವರೆ ಲಕ್ಷ ರೂಪಾಯಿಗೂ ಮೇಲೆ. ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಅದರ ಅರ್ಧದಷ್ಟು, ಸ್ವಲ್ಪ ಹೆಚ್ಚು. ಸಂಶೋಧನೆಗೆ ಹೋಗುವವರ ಕಥೆ ಬೇರೆ. ಪ್ರಾಧ್ಯಾಪಕರ ಯೋಜನೆಯ ಹಣದಿಂದ ತಿಂಗಳ ಸಂಬಳ ಸಿಗುವುದರಿಂದ, ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವ ಮೊದಲು ಆ ಪ್ರಾಧ್ಯಾಪಕರಿಗೆ ಪತ್ರ ಬರೆದು ಒಪ್ಪಿಗೆ ಪಡೆಯುವುದು ವಾಡಿಕೆ. ಈ ಸೀಮೆಯವರಿಗೆ ಭತ್ತದ ಸಂಶೋಧನೆ ಸಹಜ ವಿಷಯ. ಕೊರಿಯಾ 1970ರ ದಶಕದಲ್ಲಿ ಅನ್ನದ ಸ್ವಾವಲಂಬನೆ ಸಾಧಿಸಿದ್ದು ‘ಟೋಂಗಿಲ್’ ತಳಿಯಿಂದ. ಅದರ ತಾಯ್ತಂದೆಗಳಲ್ಲಿ ಐಆರ್ 8 ಇತ್ತು, ನಮ್ಮ ಕಾಲುವೆಗಳ ಕೆಳಗೂ ಹಸಿರು ತಂದ ಅದೇ ತಳಿ. ತುಂಗಭದ್ರಾ ಎಡದಂಡೆ ಕಾಲುವೆಯ ಸಿಂಧನೂರಿನಲ್ಲಿ ಬೆಳೆದು, ರಾಯಚೂರು ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ಓದಿದವರು ಹೇಳಿಕೊಳ್ಳಬಹುದಾದ ಅನುಭವ ಪುಸ್ತಕದಲ್ಲಿಲ್ಲ. ಹಾಗೆಯೇ ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯ ಪರಿಸರದವರಿಗೆ ಖನಿಜ ಮತ್ತು ಲೋಹಶಾಸ್ತ್ರ.

ಕಾಗದಪತ್ರಗಳಲ್ಲೇ ಹೆಚ್ಚು ಜನ ಎಡವುತ್ತಾರೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ತಂದೆಯ ಪೂರ್ಣ ಹೆಸರು, ಆಧಾರಿನಲ್ಲಿ ಅಡ್ಡಹೆಸರು ಬೇರೆ ಇದ್ದರೆ ಮೊದಲೇ ಸರಿಪಡಿಸಿಕೊಳ್ಳಬೇಕು. ಪದವಿ ಪ್ರಮಾಣಪತ್ರಗಳಿಗೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಮುದ್ರೆ ಬೇಕು. ಭಾರತ 2005ರಿಂದ, ಕೊರಿಯಾ 2007ರಿಂದ ಆ ಒಪ್ಪಂದದಲ್ಲಿವೆ. ವಿದೇಶಿಯರಿಗಾಗಿ ಇರುವ ಪ್ರತ್ಯೇಕ ಪ್ರವೇಶಕ್ಕೆ ತಂದೆ, ತಾಯಿ ಇಬ್ಬರೂ ಕೊರಿಯನ್ ಪೌರರಲ್ಲವೆಂದು ತೋರಿಸುವ ದಾಖಲೆಯನ್ನೂ ಕೇಳುತ್ತಾರೆ. ಸಿಂಧನೂರಿನ ಕ್ಯಾಂಪ್‌ಗಳಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದು ನೆಲೆಸಿದ ಬಂಗಾಳಿ ಕುಟುಂಬಗಳಲ್ಲಿ ಹಲವರಿಗೆ ತಂದೆತಾಯಿಯ ಪೌರತ್ವದ ಕಾಗದವೇ ದೊಡ್ಡ ತೊಡಕು. ಅಂಥ ಮನೆಯ ಮಗು ಪಿಯುಸಿಯಲ್ಲಿರುವಾಗಲೇ ಆ ಕೆಲಸ ಶುರು ಮಾಡಬೇಕು. ಕರ್ನಾಟಕದವರ ವೀಸಾ ವ್ಯವಹಾರ ಚೆನ್ನೈನ ಕೊರಿಯನ್ ಕಾನ್ಸುಲೇಟಿನ ವ್ಯಾಪ್ತಿಯಲ್ಲಿದೆ. ಪದವಿ ಓದಿಗೆ ಡಿ-2, ಬರೀ ಭಾಷೆ ಕಲಿಯಲು ಡಿ-4 ವೀಸಾ. ‘ಭಾಷೆಯ ವೀಸಾದಲ್ಲಿ ಹೋಗಿ ದುಡಿಯಬಹುದು’ ಎಂದು ಏಜೆಂಟರು ಹೇಳಿದರೆ ಅಲ್ಲಿಂದ ಎದ್ದು ಬರುವುದು ಲೇಸು. ಅನುಮತಿ ಇಲ್ಲದೆ ದುಡಿದವರನ್ನು ಗಡೀಪಾರು ಮಾಡುತ್ತಾರೆ, ವೀಸಾ ಮೀರಿ ಉಳಿದವರು ಹೆಚ್ಚಿರುವ ಸಂಸ್ಥೆಗಳಿಗೆ ವೀಸಾ ನಿರ್ಬಂಧ ಬೀಳುತ್ತದೆ. ತಲುಪಿದ 90 ದಿನದೊಳಗೆ ವಿದೇಶಿ ನೋಂದಣಿ ಕಡ್ಡಾಯ, 2021ರ ಮಾರ್ಚ್‌ನಿಂದ ರಾಷ್ಟ್ರೀಯ ಆರೋಗ್ಯ ವಿಮೆಯೂ ಕಡ್ಡಾಯ.

ಶೈಕ್ಷಣಿಕ ವರ್ಷ ಮಾರ್ಚ್‌ನಲ್ಲಿ ಆರಂಭ, ಎರಡನೆಯ ಸೆಮಿಸ್ಟರ್ ಸೆಪ್ಟೆಂಬರ್‌ನಲ್ಲಿ. ಪದವಿ ಫಲಿತಾಂಶ ತಡವಾದರೆ ಸೆಪ್ಟೆಂಬರ್ ಕೈತಪ್ಪಿ ಮುಂದಿನ ಮಾರ್ಚ್‌ವರೆಗೆ ಕಾಯಬೇಕಾಗುತ್ತದೆ. ಆ ಖಾಲಿ ತಿಂಗಳುಗಳನ್ನು ಟೋಪಿಕ್‌ಗೆ ಬಳಸಿಕೊಂಡವರು ಗೆದ್ದಂತೆ. ಮಾರ್ಚ್‌ಗೆ ಹೋಗುವವರು ಉಣ್ಣೆಯ ಬಟ್ಟೆ ಒಯ್ಯಬೇಕು: ಮೇನಲ್ಲಿ 42 ಡಿಗ್ರಿ ಕಾಣುವ ರಾಯಚೂರಿನವರಿಗೆ ಸೋಲ್ ನಗರದ ಆ ತಿಂಗಳ ರಾತ್ರಿಗಳೂ ಕಠಿಣ, ಜನವರಿಯಲ್ಲಿ ಶೂನ್ಯಕ್ಕಿಂತ ಕೆಳಗೆ. ಅನ್ನ ಅಲ್ಲಿ ಮೂರು ಹೊತ್ತೂ ಸಿಗುತ್ತದೆ, ಆದರೆ ಅದು ಅಂಟಂಟಾದ ಗುಂಡು ಅಕ್ಕಿ, ಸೋನಾ ಮಸೂರಿಯ ಉದುರು ಅನ್ನವಲ್ಲ. ಕಿಮ್ಚಿ ನೋಡಲು ಎಲೆಕೋಸಿನ ಉಪ್ಪಿನಕಾಯಿ, ಆದರೆ ಸಾಮಾನ್ಯವಾಗಿ ಅದರಲ್ಲಿ ಮೀನಿನ ರಸ ಇರುತ್ತದೆ. ಸಸ್ಯಾಹಾರಿಗಳು ಕೇಳಿ ತಿನ್ನಬೇಕು. ಬೌದ್ಧ ವಿಹಾರಗಳ ಅಡುಗೆಯಲ್ಲಿ ಮಾಂಸ, ಮೀನು ಮಾತ್ರವಲ್ಲ, ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ.

ಓದು ಮುಗಿದ ಮೇಲೆ ಡಿ-10 ವೀಸಾದಲ್ಲಿ ಅಲ್ಲೇ ಕೆಲಸ ಹುಡುಕಬಹುದು. ಮರಳಿ ಬರುವವರಿಗೆ ಬೆಂಗಳೂರಿನಲ್ಲಿ ಸ್ಯಾಮ್‌ಸಂಗ್‌ನ ಸಂಶೋಧನಾ ಕೇಂದ್ರ 1996ರಿಂದಲೂ ಇದೆ, ನೆರೆಯ ಆಂಧ್ರದ ಪೆನುಕೊಂಡದ ಬಳಿ 2019ರಲ್ಲಿ ಕಿಯಾ ಕಾರಿನ ಕಾರ್ಖಾನೆ ಆರಂಭವಾಗಿದೆ. ಇಲ್ಲಿ ಸರ್ಕಾರಿ ಕೆಲಸಕ್ಕೆ ಅಥವಾ ಉಪನ್ಯಾಸಕ ಹುದ್ದೆಗೆ ಹೋಗುವವರು ಕೊರಿಯಾದ ಪದವಿಗೆ ಸಮಾನತೆಯ ಪ್ರಮಾಣಪತ್ರ ಪಡೆಯಬೇಕು.