ಕನೆಟಿ, ಎಲಿಯಾಸ್
1905-1994. ಜರ್ಮನ್ ಭಾಷೆಯ ಕಾದಂಬರಿಕಾರ, ನಾಟಕಕಾರ, ಚಿಂತಕ. ಬಲ್ಗೇರಿಯದಲ್ಲಿ ಡ್ಯಾನ್ಯೂಬ್ ದಡದ ರುಸ್ಚುಕ್ (ಇಂದಿನ ರೂಸೆ) ಪಟ್ಟಣದ ಯೆಹೂದಿ ವ್ಯಾಪಾರಿ ಮನೆತನದಲ್ಲಿ 1905ರ ಜುಲೈ 25ರಂದು ಹುಟ್ಟಿದ.

ಭಾಷೆಗಳು: ಸ್ಪೇನಿನಿಂದ 1492ರಲ್ಲಿ ಹೊರದೂಡಲ್ಪಟ್ಟ ಯೆಹೂದಿಗಳು ತಲೆಮಾರುಗಳಿಂದ ಉಳಿಸಿಕೊಂಡು ಬಂದ ಲಾಡಿನೊ ಈತನ ಮನೆಮಾತು. ಮನೆಗೆಲಸದ ಹುಡುಗಿಯರಿಂದ ಬಲ್ಗೇರಿಯನ್ ಕಿವಿಗೆ ಬಿತ್ತು. 1911ರಲ್ಲಿ ಕುಟುಂಬ ಮ್ಯಾಂಚೆಸ್ಟರಿಗೆ ಹೋದಾಗ ಇಂಗ್ಲಿಷ್ ಬಂತು. ತಂದೆತಾಯಿ ತಮ್ಮಲ್ಲೇ ಆಡಿಕೊಳ್ಳುತ್ತಿದ್ದ ಜರ್ಮನ್ ಮಾತ್ರ ಮಕ್ಕಳಿಗೆ ನಿಲುಕದೆ ಉಳಿದಿತ್ತು. 1912ರಲ್ಲಿ ತಂದೆ ತೀರಿಕೊಂಡ ಮೇಲೆ ತಾಯಿ ಹಟ ಹಿಡಿದು ಅದನ್ನು ಮಗನಿಗೆ ಕಲಿಸಿದಳು. ನಾಜಿಗಳಿಂದ ಪಾರಾಗಿ ಲಂಡನ್ ಸೇರಿ, 1952ರಲ್ಲಿ ಬ್ರಿಟಿಷ್ ಪ್ರಜೆಯಾದ ಮೇಲೂ ಈತ ಬರೆದದ್ದು ಜರ್ಮನ್‌ನಲ್ಲೇ. ತನ್ನನ್ನು ಅಟ್ಟಿದವರ ಕೈಗೆ ಆ ಭಾಷೆಯನ್ನು ಒಪ್ಪಿಸಿಬಿಡಲು ಈತ ಸಿದ್ಧನಿರಲಿಲ್ಲ.

ನಾಟಕಗಳು: ಪ್ರಾಚೀನ ಗ್ರೀಸಿನ ಅರಿಸ್ಟೊಫೆನಿಸ್ ಈತನ ನಾಟಕಗುರು. ಒಂದೇ ಒಂದು ವಿಚಿತ್ರ ಕಲ್ಪನೆಯನ್ನು ಹಿಡಿದು ಇಡೀ ಸಮಾಜವನ್ನು ಬಯಲಿಗೆಳೆಯುವ ಆತನ ಪ್ರಹಸನಗಳ ಬಗೆಯೇ ಕನೆಟಿಯ ನಾಟಕಗಳ ಬುನಾದಿ. 'ಕೊಮ್ಯೋಡಿ ಡೆರ್ ಐಟೆಲ್‌ಕೈಟ್' ನಾಟಕದಲ್ಲಿ ಸರ್ಕಾರ ಕನ್ನಡಿಗಳನ್ನೂ ಛಾಯಾಚಿತ್ರಗಳನ್ನೂ ನಿಷೇಧಿಸುತ್ತದೆ. 'ಡೀ ಬೆಫ್ರಿಸ್ಟೆಟೆನ್' ನಾಟಕದಲ್ಲಿ ಬದುಕಲಿರುವ ವರ್ಷಗಳ ಸಂಖ್ಯೆಯೇ ಪ್ರತಿಯೊಬ್ಬನ ಹೆಸರು. ವಿಯೆನ್ನಾದಲ್ಲಿ ವಿಡಂಬನಕಾರ ಕಾರ್ಲ್ ಕ್ರಾಸ್‌ನ ವಾಚನಗಳನ್ನು ಕೇಳಿ ಪಳಗಿದ ಈತ, ಮನುಷ್ಯನ ಮಾತಿನ ಧಾಟಿಯೇ ಅವನ ಮುಖವಾಡವೆಂದು ನಂಬಿದ್ದ.

ಕಾದಂಬರಿ: ಈತ ಬರೆದ ಏಕೈಕ ಕಾದಂಬರಿ 'ಡೀ ಬ್ಲೆಂಡುಂಗ್' (1935). ಚೀನೀ ಭಾಷೆಯ ವಿದ್ವಾಂಸನಾದ ಕಥಾನಾಯಕ ಪೀಟರ್ ಕೀನ್ ಪುಸ್ತಕಗಳನ್ನಲ್ಲದೆ ಬೇರೇನನ್ನೂ ಬಲ್ಲವನಲ್ಲ. ಮನೆಗೆಲಸದ ಥೆರೆಸೆಯನ್ನು ಮದುವೆಯಾಗಿ, ಕೊನೆಗೆ ಅವಳಿಂದಲೇ ಮನೆಯಿಂದ ಹೊರದೂಡಲ್ಪಡುತ್ತಾನೆ. ಬಳಿಕ ತಲೆಯೊಳಗೇ ಒಂದು ಗ್ರಂಥಾಲಯ ಹೊತ್ತು ತಿರುಗುತ್ತ, ರಾತ್ರಿ ಹೋಟೆಲಿನ ಕೋಣೆಯಲ್ಲಿ ಅದನ್ನು ಇಳಿಸಿ ಜೋಡಿಸುತ್ತಾನೆ. ಅಂತ್ಯದಲ್ಲಿ ನಿಜವಾದ ಪುಸ್ತಕಗಳೊಡನೆ ತಾನೂ ಉರಿದುಹೋಗುತ್ತಾನೆ. ಅಸಂಭವವನ್ನು ನಿರ್ವಿಕಾರವಾಗಿ, ಕರಾರುವಾಕ್ಕಾಗಿ ಹೇಳುವ ಈ ರೀತಿ ಕಾಫ್ಕಾನಿಗೆ ಹತ್ತಿರದ್ದು. ಕಾಫ್ಕಾ ತನ್ನ ಪ್ರೇಯಸಿ ಫೆಲಿಸ್‌ಗೆ ಬರೆದ ಪತ್ರಗಳ ಮೇಲೆ ಕನೆಟಿ 1969ರಲ್ಲಿ ಒಂದು ಪುಸ್ತಕವನ್ನೇ ಬರೆದ.

ಇತರ ಕೃತಿಗಳು: 1927ರ ಜುಲೈ 15ರಂದು ವಿಯೆನ್ನಾದ ಕಾರ್ಮಿಕರು ನ್ಯಾಯಮಂದಿರಕ್ಕೆ ಬೆಂಕಿಯಿಟ್ಟರು, ಪೊಲೀಸರ ಗುಂಡಿಗೆ ಹಲವರು ಬಲಿಯಾದರು. ಆ ಜನಸಾಗರದ ನಡುವೆ ಇದ್ದ ಕನೆಟಿ ಗುಂಪಿನ ಸ್ವಭಾವವನ್ನು ದಶಕಗಳ ಕಾಲ ಚಿಂತಿಸಿ 'ಮಾಸೆ ಉಂಟ್ ಮಾಖ್ಟ್' (1960) ರಚಿಸಿದ. 1977ರಿಂದ 1985ರವರೆಗೆ ಮೂರು ಸಂಪುಟಗಳ ಆತ್ಮಕಥನ ಹೊರಬಂತು.

ನಾಜಿ ಆಳ್ವಿಕೆಯಿಂದಾಗಿ 'ಡೀ ಬ್ಲೆಂಡುಂಗ್' ಕಾದಂಬರಿ ತನ್ನ ಭಾಷೆಯ ಓದುಗರನ್ನೇ ಬಹುಕಾಲ ತಲುಪಲಿಲ್ಲ. 1963ರ ಮರುಮುದ್ರಣದ ನಂತರ ಅದು 20ನೆಯ ಶತಮಾನದ ಮುಖ್ಯ ಜರ್ಮನ್ ಕಾದಂಬರಿಗಳ ಸಾಲಿಗೆ ಸೇರಿತು. ಕನೆಟಿಗೆ 1972ರಲ್ಲಿ ಬ್ಯೂಖ್ನರ್ ಪ್ರಶಸ್ತಿ, 1981ರಲ್ಲಿ ನೊಬೆಲ್ ಸಾಹಿತ್ಯ ಪ್ರಶಸ್ತಿ ದೊರೆತವು. 1994ರ ಆಗಸ್ಟ್ 14ರಂದು ಜ್ಯೂರಿಕ್‌ನಲ್ಲಿ ನಿಧನನಾದ.